ಲಾಡಿಯಿಲ್ಲದ ಸಲ್ವಾರ್

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಎರಡನೆಯವಳಾಗಿ ಬಂದವಳು ಆಂಧ್ರದ ಗಡಿಯ ರೊಳ್ಳದ ಹತ್ತಿರದ ಒಂದು ಹಳ್ಳಿಯವಳು. ಬಾಗಿಲಲ್ಲಿ ನಿಂತು, ಈ ಮಂಚ ಖಾಲಿಯೇ ಎಂದು ತೆಲುಗಿನಲ್ಲಿ ಕೇಳಿದಳು. ನಾನೂ ತೆಲುಗಿನಲ್ಲೇ ಹೌದು ಎಂದೆ. ಚೀಲ ಇಳಿಸಿ ಕೂರುವಷ್ಟರಲ್ಲಿ ಅವಳಿಗೆ ಮನೆಯಿಂದ ಫೋನ್ ಬಂತು.

"ಊ ಕಣಮ್ಮ, ರೂಮ್ ಸಿಕ್ತು. ಚೆನ್ನಾಗೈತೆ. ಜೊತೇಲಿ ಒಬ್ಬಳು ಅವ್ಳೆ, ನೋಡಾಕೆ ಪರವಾಗಿಲ್ಲ" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳು ಫೋನ್ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಪರವಾಗಿಲ್ಲ ಅಂದ್ರ ಎಷ್ಟು ಪರವಾಗಿಲ್ರಿ?" ಎಂದೆ.

"ಅಯ್ಯೋ, ಕನ್ನಡದೋಳಾ ನೀನು!" ಎಂದು ಅವಳು ಮಂಚದ ಮೇಲೆ ಹಾಗೇ ಒರಗಿಬಿಟ್ಟಳು. ಆ ಕ್ಷಣದಿಂದ ನಮ್ಮಿಬ್ಬರ ನಡುವೆ ತೆಲುಗು ಮುಗಿಯಿತು.

ನಾನು ರಾಯದುರ್ಗದವಳು. ನನ್ನ ಕನ್ನಡ ಬಳ್ಳಾರಿ ಕಡೆಯದು, ಅವಳದು ಶಿರಾ ಕಡೆಯದು. ನಾನು ಶೇಂಗಾ ಅಂದರೆ ಅವಳು ಕಡ್ಲೆಕಾಯಿ ಅನ್ನುತ್ತಿದ್ದಳು. ನಾನು 'ಯಾಕ' ಅಂದರೆ ಅವಳು ಅದನ್ನು ಹಾಗೇ ಎಳೆದು ಹಾಡಿ ತೋರಿಸುತ್ತಿದ್ದಳು. ಇಬ್ಬರೂ ಆಂಧ್ರದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ, ಇಲ್ಲಿಗೆ ಬಂದು, ತರಗತಿಯಲ್ಲಿ ತೆಲುಗು ಇಂಗ್ಲಿಷುಗಳ ನಡುವೆ ಕಿವಿ ನಿಮಿರಿಸಿ ಕೂರುವವರು. ಹೀಗಾಗಿ ಬೇಗ ಒಬ್ಬರಿಗೊಬ್ಬರು ಬೇಕಾದವರಾದೆವು.

ಅವಳಿಗೆ ಬಲಗೈ ಮೊಣಕೈಯಿಂದ ಸ್ವಲ್ಪ ಕೆಳಗಿನವರೆಗೆ ಮಾತ್ರ ಇತ್ತು. ಚಿಕ್ಕವಳಿದ್ದಾಗ ಕಣದಲ್ಲಿ ಕಡಲೆಕಾಯಿ ಬಿಡಿಸುವ ಯಂತ್ರಕ್ಕೆ ಸಿಕ್ಕಿತಂತೆ. ಅದನ್ನು ಒಂದೇ ಸಲ, ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದಳು. "ಎಲ್ರೂ ಕೇಳೋ ಮೊದ್ಲೇ ನಾನೇ ಹೇಳ್ಬಿಡ್ತೀನಿ, ಆಮೇಲೆ ಬೇರೆ ಮಾತಾಡಬೋದು" ಎಂದಳು. ಬೇರೆ ಮಾತು ಅವಳ ಹತ್ತಿರ ಬೇಕಾದಷ್ಟಿತ್ತು. ಎಡಗೈಯಲ್ಲಿ ಅವಳು ಬರೆಯುತ್ತಿದ್ದ ವೇಗಕ್ಕೆ ನನ್ನ ಬಲಗೈ ಸಾಟಿಯಾಗುತ್ತಿರಲಿಲ್ಲ. ಜಡೆಯನ್ನು ಗೋಡೆಗೆ ತಲೆ ಒತ್ತಿಕೊಂಡು ಹೆಣೆಯುವ ಒಂದು ಉಪಾಯ ಅವಳದೇ ಆಗಿತ್ತು. ತಟ್ಟೆ ತೊಳೆಯುತ್ತಿದ್ದಳು, ಬಟ್ಟೆ ಹಿಂಡುತ್ತಿದ್ದಳು, ನಲ್ಲಿಗೆ ಸುತ್ತಿ ತಿರುವಿ.

ಆದರೆ ಸಲ್ವಾರಿನ ಲಾಡಿ ಕಟ್ಟಲು ಅವಳಿಗೆ ಆಗುತ್ತಿರಲಿಲ್ಲ.

ನನಗೆ ಅದು ಗೊತ್ತಾದದ್ದು ಒಂದು ಬೆಳಿಗ್ಗೆ. ನಾನು ಸ್ನಾನ ಮುಗಿಸಿ ಬಂದಾಗ ಅವಳು ಮಂಚದ ಅಂಚಿನಲ್ಲಿ ಕುಳಿತು, ಲಾಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆಯುತ್ತಿದ್ದಳು. ಬೆನ್ನು ಬಿಲ್ಲಿನಂತೆ ಬಾಗಿತ್ತು. ನನ್ನನ್ನು ಕಂಡು ಲಾಡಿ ಬಾಯಿಂದ ಬಿಟ್ಟಳು.

"ಕಟ್ಟಲೇನ?" ಎಂದೆ.

ಅವಳು ಎದ್ದು ನಿಂತಳು. "ಕಟ್ಟು" ಎಂದಳು.

ಅಲ್ಲಿಂದ ಮುಂದೆ ಬೆಳಿಗ್ಗೆ ತರಗತಿಗೆ ಹೊರಡುವ ಮುಂಚೆ ನಾನೇ ಕಟ್ಟುತ್ತಿದ್ದೆ. ಮನೆಯಲ್ಲಿದ್ದಾಗ ಅವಳ ಅಮ್ಮ ಕಟ್ಟುತ್ತಿದ್ದರಂತೆ. ಕಾಲೇಜಿನಲ್ಲಿ ಒಬ್ಬ ಗೆಳತಿ. ಇದರಲ್ಲಿ ದೊಡ್ಡದೇನೋ ಇದೆ ಎಂದು ನನಗೆ ಅನಿಸಿರಲಿಲ್ಲ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಕೆಟ್ಟ ಬಿಸಿಲಿತ್ತು, ನಾನು ನೀರಿನ ಬಾಟಲಿ ಅವಳ ಕಡೆ ಚಾಚಿದೆ. ಬೇಡ ಎಂದಳು. ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿಲ್ಲವಲ್ಲ ಎಂದೆ.

"ಕುಡುದ್ರೆ ಹೋಗ್ಬೇಕಾಗ್ತೈತೆ. ಹೋದ್ರೆ ಲಾಡಿ ಬಿಚ್ಬೇಕು. ಬಿಚ್ಚಿದ್ರೆ ನಿನ್ನ ಹುಡುಕ್ಕೊಂಡ್ ಬರ್ಬೇಕು. ನೀನು ಬೇರೆ ಕ್ಲಾಸಲ್ಲಿರ್ತೀಯ" ಎಂದು ಲೆಕ್ಕ ಒಪ್ಪಿಸಿದ ಹಾಗೆ ಹೇಳಿ, ಅನ್ನಕ್ಕೆ ಸಾರು ಕಲಸಿಕೊಂಡಳು.

ನಾನು ಬಾಟಲಿಯ ಮುಚ್ಚಳ ಹಾಕಿ ಚೀಲಕ್ಕಿಟ್ಟೆ. ಶಾಲೆಯ ಕಾಲದಿಂದ ಇವಳು ಹೀಗೆ ಬಾಯಾರಿಕೊಂಡೇ ಪಾಠ ಕೇಳಿದ್ದಾಳೆ ಎಂದು ಆ ಮಧ್ಯಾಹ್ನವೆಲ್ಲ ಅದೇ ಯೋಚನೆ.

ಆ ಸಮಯದಲ್ಲೇ ನಮ್ಮಿಬ್ಬರಿಗೂ ಪಾಠ ಮಾಡುತ್ತಿದ್ದ ಒಬ್ಬ ಅಧ್ಯಾಪಕಿ ತರಗತಿಯ ಕೊನೆಯಲ್ಲಿ ಒಂದು ವಿಷಯ ಹೇಳಿದರು. ವಿದ್ಯಾರ್ಥಿಗಳ ನಡುವಿನ ಭೇದ ಕಡಿಮೆಯಾಗುವಂಥ, ಯಾರೂ ಹೊರಗೆ ಉಳಿಯದಂಥ ಕೆಲಸಗಳಿಗೆ ವಿಶ್ವವಿದ್ಯಾಲಯ ಸಣ್ಣ ಸಣ್ಣ ಅನುದಾನ ಕೊಡುತ್ತದೆ, ವಿದ್ಯಾರ್ಥಿಗಳೂ ಕೇಳಬಹುದು ಎಂದು. ಮೊತ್ತ ಸಣ್ಣದು, ಆಸೆ ದೊಡ್ಡದಿಟ್ಟುಕೊಳ್ಳಬೇಡಿ ಎಂದೂ ಸೇರಿಸಿದರು. ಹುಡುಗರು ಬೀದಿ ನಾಟಕ, ಭಾಷಣ ಸ್ಪರ್ಧೆ ಎಂದೆಲ್ಲ ಮಾತಾಡಿಕೊಳ್ಳುತ್ತಿದ್ದರು. ನಾನು ಕೋಣೆಗೆ ಬಂದು, "ನಿನ್ನ ಸಲ್ವಾರಿಗೆ ಕೇಳಿದ್ರ ಹೆಂಗ?" ಎಂದೆ.

ಅವಳು ಜೋರಾಗಿ ನಕ್ಕಳು. "ನನ್ನ ಪ್ಯಾಂಟಿಗೆ ಯೂನಿವರ್ಸಿಟಿ ದುಡ್ಡು ಕೊಡ್ತೈತಾ?"

"ನಿನ್ನದೊಂದಕ್ಕಲ್ಲ. ನಿನ್ನಂಗ ಎಷ್ಟು ಮಂದಿ ಇರ್ತಾರ. ಯಾರ ಸಹಾಯನೂ ಇಲ್ದ ತಾವೇ ಹಾಕ್ಕೊಳ್ಳೋ ಬಟ್ಟೆ. ನಮ್ಮ ಮನ್ಯಾಗ ಬರೇ ಹೊಲಿಗಿ ಮಷೀನು ಅದಾವ, ಅಮ್ಮನೂ ಹೊಲೀತಾಳ, ನೋಡಿದ್ಯಲ್ಲ ಫೋಟೋದಾಗ?"

ನಗು ನಿಂತಿತು. "ಕೇಳೋಣ. ಆದ್ರೆ ನನ್ನ ಮೇಲೆ ಕರುಣೆ ಬರೋ ಹಂಗೆ ಏನೂ ಬರೀಬ್ಯಾಡ. ಬರೆಯೋದು ನಾನು" ಎಂದಳು.

ಅವಳೇ ಬರೆದಳು. ಅಧ್ಯಾಪಕಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ತೆಲುಗಿನಲ್ಲಿ, "ಇಷ್ಟು ದಿನ ನಾನು ನಿನಗೆ ಪಾಠ ಮಾಡಿದ್ದೇನೆ, ನೀರು ಕುಡಿದೆಯಾ ಎಂದು ಕೇಳಿಲ್ಲ ನೋಡು" ಎಂದರು. ಎರಡು ತಿದ್ದುಪಡಿ ಹೇಳಿದರು. ಒಂದು, ಹೊಲಿಯುವವರಿಗೆ ಕೂಲಿ ಅಂತ ಒಂದು ಭಾಗ ಇಡಬೇಕು, ಅದು ನನ್ನ ಅಮ್ಮನೇ ಆದರೂ ಸರಿ. ಇನ್ನೊಂದು, ಕ್ಯಾಂಪಸ್ಸಿನ ಹೊರಗಿನವರಿಗೂ ತೋರಿಸಿ ಕೇಳಬೇಕು. ಕೆಲವು ವಾರಗಳ ಮೇಲೆ ಮಂಜೂರಾಯಿತು ಎಂದು ಅವರೇ ಮೆಟ್ಟಿಲ ಮೇಲೆ ನಮ್ಮನ್ನು ನಿಲ್ಲಿಸಿ ಹೇಳಿದರು. ನಾವಿಬ್ಬರೂ ಅವರ ಕಾಲು ಮುಟ್ಟಲು ಬಗ್ಗಿದೆವು. ಅವರು ಹಿಂದೆ ಸರಿದರು. "ಕಾಲೆಲ್ಲ ಬೇಡ, ಕತ್ತರಿ ಹಿಡಿಯಿರಿ" ಎಂದರು.

ರಜೆ ಬಂದಾಗ ಅವಳನ್ನು ರಾಯದುರ್ಗಕ್ಕೆ ಕರೆದುಕೊಂಡು ಹೋದೆ. ನಮ್ಮ ಬೀದಿಯಲ್ಲಿ ಮನೆಗಳ ಕೆಳಗಿನ ಪಡಸಾಲೆಗಳೆಲ್ಲ ಹೊಲಿಗೆ ಯಂತ್ರಗಳದ್ದೇ. ಹಗಲೆಲ್ಲ ಜೇನುಗೂಡಿನಂಥ ಸದ್ದು, ಜೀನ್ಸ್ ಬಟ್ಟೆಯ ನೀಲಿ ಧೂಳು ಕಿಟಕಿಯ ಕಂಬಿಯ ಮೇಲೂ ಕೂತಿರುತ್ತದೆ. ಅಪ್ಪನ ಉಗುರುಗಳನ್ನು ನಾನು ಯಾವತ್ತೂ ಬಿಳಿಯಾಗಿ ನೋಡಿಲ್ಲ. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆಯ ಕಟ್ಟುಗಳು ಬರುತ್ತವೆ, ನಮ್ಮಲ್ಲಿ ಹೊಲಿಗೆಯಾಗಿ ಪ್ಯಾಂಟುಗಳಾಗಿ ವಾಪಸು ಹೋಗುತ್ತವೆ.

ಅಪ್ಪ ನಮ್ಮ ಮಾತನ್ನು ಪೂರ್ತಿ ಕೇಳಿದರು. ಕೇಳಿ, ತಲೆ ಆಡಿಸಿದರು.

"ತಪ್ಪು ತಿಳ್ಕೋಬ್ಯಾಡವ್ವ" ಎಂದರು ನನ್ನ ಗೆಳತಿಗೆ. "ನಮ್ಮದು ಲೈನ್ ಕೆಲಸ. ಒಬ್ಬಾತ ಜೇಬು ಕೂಡಿಸ್ತಾನ, ಒಬ್ಬಾತ ಜಿಪ್ಪು ಹಾಕ್ತಾನ, ಒಬ್ಬಾಕಿ ಪಟ್ಟಿ ಹೊಲೀತಾಳ. ಒಂದು ಪ್ಯಾಂಟಿಗೋಸ್ಕರ ಲೈನ್ ನಿಲ್ಸಿದ್ರ ಎಲ್ಲಾರೂ ಕೈಕಟ್ಟಿ ಕೂಡಬೇಕಾಗ್ತದ. ಒಬ್ಬೊಬ್ಬರ ಅಳತಿಗೆ ಒಂದೊಂದು ಹೊಲಿಯೋ ಕಾಲ ಹೋತು."

"ಹೋಗಿದ್ರ ಹೋಗ್ಲಿ" ಎಂದು ಅಮ್ಮ ಒಳಗಿನಿಂದ ಬಂದಳು. ಅಡಿಗೆ ಕೋಣೆಯ ಪಕ್ಕದಲ್ಲಿ ಅವಳದೊಂದು ಹಳೆಯ ಕಾಲುತುಳಿತದ ಯಂತ್ರವಿದೆ. ಓಣಿಯ ಹೆಂಗಸರ ರವಿಕೆಗಳನ್ನು ಅದರಲ್ಲಿ ಹೊಲಿಯುತ್ತಾಳೆ. "ನನ್ನ ಮಷೀನಿಗೆ ಲೈನೂ ಇಲ್ಲ, ಪಾಳೀನೂ ಇಲ್ಲ. ಬಾರವ್ವ, ಮೊದ್ಲು ಉಣ್ಣು, ಆಮ್ಯಾಗ ಅಳತಿ ಕೊಡುವಂತಿ."

ಅಮ್ಮ ಮೊದಲು ಹೊಲಿದದ್ದು ಇಲಾಸ್ಟಿಕ್ ಹಾಕಿದ ಸಲ್ವಾರ್. ನನಗೂ ಅದೇ ಸುಲಭ ಎಂದು ಕಂಡಿತ್ತು. ಗೆಳತಿ ಅದನ್ನು ಹಾಕಿಕೊಂಡು ಹೊರಗೆ ಬಂದಳು. ಒಂದು ಕಡೆ ಮೇಲಿತ್ತು, ಇನ್ನೊಂದು ಕಡೆ ಸೊಂಟದಿಂದ ಜಾರಿತ್ತು. ಒಂದೇ ಕೈಯಲ್ಲಿ ಎಳೆದರೆ ಇಲಾಸ್ಟಿಕ್ ಒಂದೇ ಕಡೆಗೆ ಬರುತ್ತದೆ.

"ಬಿಗಿ ಮಾಡ್ತೀನಿ ತಾ" ಎಂದಳು ಅಮ್ಮ.

"ಬಿಗಿ ಮಾಡಿದ್ರೆ ಹೊಟ್ಟೆ ಕೊರೀತೈತೆ. ಸಡಿಲ ಮಾಡಿದ್ರೆ ಜಾರ್ತೈತೆ. ಬಸ್ಸಲ್ಲಿ ಒಂದು ಕೈಯಾಗೆ ಕಂಬಿ ಹಿಡ್ಕೊಂಡ್ರೆ ಪ್ಯಾಂಟು ಹಿಡ್ಕಳ್ಳಾಕೆ ಕಂಡಕ್ಟ್ರನ್ನ ಕರೀಲಾ ಅಮ್ಮ?" ಎಂದಳು. ಅಮ್ಮ ನಗುತ್ತ ನಗುತ್ತ ಯಂತ್ರದ ಮೇಲೆ ತಲೆ ಇಟ್ಟುಬಿಟ್ಟಳು. ಪಡಸಾಲೆಯಲ್ಲಿದ್ದ ಅಪ್ಪನೂ ನಕ್ಕದ್ದು ಕೇಳಿಸಿತು.

ಎರಡನೆಯದಕ್ಕೆ ಚಪ್ಪಲಿಗೆ ಇರುತ್ತದಲ್ಲ, ಹಾಗೆ ಅಂಟಿಕೊಳ್ಳುವ ಪಟ್ಟಿ ಹಾಕಿದೆವು. ಹಾಕಲು ಸುಲಭವಾಗಿತ್ತು. ನಮ್ಮ ಸಂತೋಷಕ್ಕೆ ಮಿತಿ ಇರಲಿಲ್ಲ. ರಜೆ ಮುಗಿಸಿ ಹಾಸ್ಟೆಲಿಗೆ ಅದನ್ನೇ ತೊಟ್ಟು ಹೋದಳು. ಆದರೆ ಅದಕ್ಕೆ ವೇಲಿನ ನೂಲೆಲ್ಲ ಅಂಟಿಕೊಳ್ಳುತ್ತಿತ್ತು. ತೆಗೆಯುವಾಗ ಪರ್ರ್ ಎಂದು ಸದ್ದು. ಗ್ರಂಥಾಲಯದ ಶೌಚಾಲಯದಲ್ಲಿ ಒಂದು ದಿನ ಪಕ್ಕದ ಕೋಣೆಯ ಹುಡುಗಿ, "ಅಕ್ಕಾ, ಬಟ್ಟೆ ಹರಿಯಿತಾ? ಪಿನ್ನು ಬೇಕಾ?" ಎಂದು ಕೇಳಿದಳಂತೆ. ಕೋಣೆಗೆ ಬಂದು ಅದನ್ನು ತೆಗೆದು ಮೂಲೆಗೆ ಎಸೆದಳು. ನಕ್ಕಿರಲಿಲ್ಲ ಆ ದಿನ.

"ಬಿಟ್ಬಿಡಾಣ ಕಣಮ್ಮಿ. ನೀನು ಕಟ್ತಿದ್ದೆ, ಚೆನ್ನಾಗಿತ್ತು" ಎಂದಳು.

ನಾನು ಎದ್ದು ಹೋಗಿ ಮೂಲೆಯಲ್ಲಿದ್ದ ಸಲ್ವಾರನ್ನು ಎತ್ತಿ ಮಡಚತೊಡಗಿದೆ. ಅಷ್ಟರಲ್ಲಿ ಅವಳಿಗೆ ಊಟಕ್ಕೆ ಹೋಗುವ ಹೊತ್ತಾಯಿತು. ಚೀಲವನ್ನು ಎಂದಿನಂತೆ ಬಲತೋಳಿಗೆ ನೇತುಹಾಕಿಕೊಂಡು, ಎಡಗೈಯಲ್ಲಿ ಅದರ ಜಿಪ್ಪು ಎಳೆದಳು. ಎಳೆದವಳು ಹಾಗೇ ನಿಂತಳು. ಇನ್ನೊಂದು ಸಲ ಜಿಪ್ಪು ತೆಗೆದು ಹಾಕಿದಳು.

"ಏ, ಇಲ್ನೋಡು. ಬ್ಯಾಗಿಗೆ ಹಿಡಿ ಐತಲ್ಲ, ಅದುಕ್ಕೇ ಈ ಕೈ ಅದನ್ನ ಹಿಡ್ಕೊಂತೈತೆ. ಪ್ಯಾಂಟಿಗೂ ಒಂದು ಹಿಡಿ ಇಕ್ಕಿದ್ರೆ?"

ನಾನು ಊಟಕ್ಕೆ ಹೋಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಪ್ಯಾಂಟಿಗೆ ಹಿಡಿ ಎಂದರೆ ಬಕೆಟ್ಟಿನ ಹಿಡಿಯಂಥದ್ದೇನೋ ಎಂದುಕೊಂಡಳು. ಗೆಳತಿ ಫೋನ್ ಕಸಿದುಕೊಂಡು ವಿವರಿಸಿದಳು: ಸೊಂಟದ ಪಟ್ಟಿಯ ಬಲಕ್ಕೆ ಒಳಗಡೆಯಿಂದ ಬಳೆಯ ಹಾಗೆ ಒಂದು ಬಟ್ಟೆಯ ಕುಣಿಕೆ. ಅದರೊಳಗೆ ಬಲತೋಳು ತೂರಿಸಿದರೆ ಪ್ಯಾಂಟು ಅಲ್ಲಾಡುವುದಿಲ್ಲ. ಆಗ ಎಡಗೈಯಲ್ಲಿ ಪಟ್ಟಿಯನ್ನು ಎಳೆದು ದೊಡ್ಡ ಕೊಕ್ಕೆಗೆ ಸಿಕ್ಕಿಸಿದರಾಯಿತು. ಕೊಕ್ಕೆ ಮಧ್ಯದಲ್ಲಿ ಬೇಡ, ಎಡಕ್ಕೆ ಓರೆಯಾಗಿ ಇರಲಿ.

ಅಮ್ಮ ಹೊಲಿದು ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದಳು. ಕುಣಿಕೆ ಬಹಳ ಸಣ್ಣದಾಗಿತ್ತು. ವಾಪಸು ಕಳಿಸಿದೆವು. ಮುಂದಿನದರಲ್ಲಿ ಕೊಕ್ಕೆ ಚರ್ಮಕ್ಕೆ ಚುಚ್ಚುತ್ತಿತ್ತು. ಅದರ ಹಿಂದೆ ಮೆತ್ತನೆಯ ತುಂಡೊಂದನ್ನು ಅಮ್ಮ ಕೂಡಿಸಿದಳು. ಹೀಗೆ ಹೋಗಿ ಬಂದು, ಹೋಗಿ ಬಂದು, ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ ಅವಳು ಆಗಲೇ ಸಿದ್ಧಳಾಗಿ, ಮಂಚದ ಮೇಲೆ ಕಾಲು ಚಾಚಿ ಕುಳಿತು ನನ್ನ ದಾರಿ ಕಾಯುತ್ತಿದ್ದಳು.

"ಏನು, ಇನ್ನೂ ರೆಡಿ ಆಗಿಲ್ವಾ ನೀನು? ಲೇಟ್ ಆಗ್ತೈತೆ" ಎಂದಳು.

ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ನನ್ನ ತಲೆಯ ನೀರೆಲ್ಲ ಅವಳ ಹೊಸ ಬಟ್ಟೆಗೆ ಸೋರಿತು. ಅದಕ್ಕೆ ಬೈಸಿಕೊಂಡೆ.

ಹೊರಗಿನವರಿಗೂ ತೋರಿಸಬೇಕು ಎಂದು ಅಧ್ಯಾಪಕಿ ಹೇಳಿದ್ದರಲ್ಲ, ಅದಕ್ಕೆ ಮಡಕಶಿರಕ್ಕೆ ಹೋದೆವು. ಅಲ್ಲಿ ಬೆಟ್ಟದ ಕೆಳಗಿನ ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿ. ಗೆಳತಿಯ ಮನೆಯವರು ತಲೆಮಾರಿನಿಂದ ಅಲ್ಲೇ ಕೊಳ್ಳುವವರು. ಅಂಗಡಿಯ ಯಜಮಾನರಿಗೆ ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾಲು ಸುಧಾರಿಸಿತ್ತು, ಮಾತು ಚೆನ್ನಾಗಿಯೇ ಇತ್ತು. ಆದರೂ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದರು. ಮಗ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅಂಗಡಿಯ ಹಿಂದಿನ ಮನೆಯಲ್ಲಿ ಬನಿಯನ್ ಮೇಲೆ ಟವೆಲ್ ಹೊದ್ದು ಅವರು ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ಹಚ್ಚಿಕೊಂಡದ್ದರಿಂದ ಸ್ವಲ್ಪ ಓರೆ.

ನನ್ನ ಗೆಳತಿ ನೇರವಾಗಿಯೇ ಕೇಳಿದಳು. "ಅಂಗ್ಡಿಗ್ಯಾಕೆ ಬರಾಕಿಲ್ಲ ತಾತ?"

"ಬನೀನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೊಳ್ಳಾಕಾಗ್ತೈತೇನಮ್ಮ? ಅಂಗಿ ಹಾಕ್ಬೇಕು. ಅಂಗಿ ಸೊಸೆ ಹಾಕ್ತಾಳೆ, ಗುಂಡಿನೂ ಅವ್ಳೇ ಹಾಕ್ತಾಳೆ. ಒಳ್ಳೇವ್ಳು, ಬ್ಯಾಸರ ಮಾಡ್ಕಳ್ಳಲ್ಲ. ನಂಗೇ ಬ್ಯಾಸರ. ಸತ್ತ ಮೇಲೆ ಬೇಕಾದ್ರೆ ಅವ್ರೇ ಉಡಿಸ್ಲಿ. ಬದುಕಿರೋಗಂಟ ನಾನೇ ಉಟ್ಕೋಬೇಕು."

ಅವರ ಒಂದು ಅಂಗಿಯನ್ನು ಅಳತೆಗೆ ತೆಗೆದುಕೊಂಡು ಬಂದೆವು. ಗುಂಡಿಗಳ ಕೆಳಗೆ ಅಂಟುವ ಪಟ್ಟಿ ಇಟ್ಟು ಹೊಲಿಸಿ ಕಳಿಸಿದರೆ, ಹಾಕಿ ನೋಡಿ ಬೇಡವೆಂದರು. "ಈ ಸದ್ದಿಗೆ ಬಂದ ಗಿರಾಕಿ ಹೆದರಿ ಓಡ್ತಾರೆ" ಎಂದರಂತೆ. ಆಗ ನನ್ನ ಗೆಳತಿ ತಾನು ಕಮೀಜು ಹಾಕಿಕೊಳ್ಳುವ ಬಗೆಯನ್ನು ಫೋನಿನ ವಿಡಿಯೊದಲ್ಲಿ ಅಮ್ಮನಿಗೆ ಮಾಡಿ ತೋರಿಸಿದಳು. ಕೆಲಸ ಮಾಡದ ಕೈ ಮೊದಲು ತೋಳಿನೊಳಗೆ ಹೋಗಬೇಕು, ಆಮೇಲೆ ತಲೆ, ಕೊನೆಗೆ ಇನ್ನೊಂದು ಕೈ. ಅದನ್ನು ನೋಡಿಕೊಂಡು ಅಮ್ಮ ಅಂಗಿಯ ಮುಂಭಾಗವನ್ನು ಕೆಳಗಿನಿಂದ ಎದೆಯವರೆಗೆ ಹೊಲಿದೇ ಮುಚ್ಚಿದಳು. ಮೇಲೆ ಗುಂಡಿಗಳೆಲ್ಲ ಇದ್ದ ಜಾಗದಲ್ಲೇ ಇದ್ದವು, ನೋಡಿದವರಿಗೆ ಮಾಮೂಲು ಅಂಗಿ. ಬಲತೋಳನ್ನು ಅಗಲ ಮಾಡಿದಳು. ಕತ್ತಿನ ಹತ್ತಿರ ಮಾತ್ರ ಒಂದು ಕೊಕ್ಕೆ.

ಆ ಅಂಗಿಯನ್ನು ನಾವೇ ತೆಗೆದುಕೊಂಡು ಹೋದೆವು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಸೆ ಬಾಗಿಲ ಹೊರಗೆ ಸೆರಗು ಹಿಂಡುತ್ತ ನಿಂತಳು. "ಮಾವ, ಬರ್ಲಾ?" ಎಂದು ಕೇಳಿದಳು. ಒಳಗಿನಿಂದ "ಬ್ಯಾಡ" ಎಂದು ಉತ್ತರ ಬಂತು. ಬಹಳ ಹೊತ್ತಾಯಿತು. ನಮಗೆ ಭಯವೇ ಆಯಿತು. ಕೊನೆಗೆ ಬಾಗಿಲು ತೆರೆಯಿತು. ಬಿಳಿಯ ಅಂಗಿ, ಬೆವರಿದ ಮುಖ. ಯಾರೊಡನೆಯೂ ಮಾತಾಡದೆ ಕಾಲು ಎಳೆಯುತ್ತ ನೇರ ಅಂಗಡಿಗೆ ಹೋಗಿ, ಮಗನಿಗೆ ಕಣ್ಣಲ್ಲೇ ಎದ್ದೇಳು ಎಂದು ಹೇಳಿ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರು. ಸೊಸೆ ಅತ್ತುಬಿಟ್ಟಳು. ಎದುರಿನ ಅಂಗಡಿಯವನು ತಕ್ಕಡಿ ಬಿಟ್ಟು ಓಡಿಬಂದ. "ಏನ್ ಸ್ವಾಮಿ, ವಾಪಸ್ ಬಂದ್ರಾ!"

"ಎಲ್ಲಿಗೆ ಹೋಗಿದ್ದೆ ವಾಪಸ್ ಬರಾಕೆ? ಕಾಫಿ ತರ್ಸು" ಎಂದರು ಯಜಮಾನರು.

ನಮಗೆ ಒಂದೊಂದು ಹೊಳೆಯುವ ಚೊಂಬು ಕೊಟ್ಟರು. ಬೇಡವೆಂದರೆ ಕೇಳಲಿಲ್ಲ. ಗೆಳತಿ ತನ್ನ ಚೊಂಬಿಗೆ ಅಲ್ಲೇ ನೀರು ಹಾಕಿಸಿಕೊಂಡು ಗಟಗಟ ಕುಡಿದಳು. ಮುಂದೆ ದೂರದ ಬಸ್ ಪ್ರಯಾಣವಿತ್ತು. ನಾನು ಅವಳ ಗಂಟಲನ್ನೇ ನೋಡುತ್ತ ನಿಂತೆ. ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳು ಚೀಲ ನನ್ನ ಕೈಗೆ ಕೊಟ್ಟು, ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಬಂದವಳು, "ಥೂ, ಎಂಥ ಗಲೀಜು" ಎಂದು ಮೂಗು ಮುಚ್ಚಿಕೊಂಡು ಬೈದಳು. ಅಷ್ಟು ಸಂತೋಷದ ಬೈಗುಳವನ್ನು ನಾನು ಇನ್ನೊಂದು ಕೇಳಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಕಚೇರಿಯಿಂದ ಕರೆ ಬಂತು. ಅನುದಾನ ಪಡೆದವರೆಲ್ಲ ತಮ್ಮ ಕೆಲಸವನ್ನು ಸಭಾಂಗಣದಲ್ಲಿ ತೋರಿಸಬೇಕು, ಜೊತೆಗೆ 'ಮೊದಲು' ಮತ್ತು 'ನಂತರ'ದ ಫೋಟೋ ಕೊಡಬೇಕು ಎಂದು. ಮೊದಲು ಎಂದರೆ ನನ್ನ ಗೆಳತಿ ಹಲ್ಲಿನಲ್ಲಿ ಲಾಡಿ ಕಚ್ಚಿಕೊಂಡು ಒದ್ದಾಡುವ ಚಿತ್ರ. ಅಲ್ಲಿನ ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಫೋಟೋ ಇದ್ದರೆ ನೋಡುವವರ ಮನಸ್ಸಿಗೆ ತಟ್ಟುತ್ತದೆ, ಮುಂದಿನ ಸಲವೂ ಹಣ ಬಿಡುಗಡೆಯಾಗುತ್ತದೆ ಎಂಬುದು ಅವರ ಎಣಿಕೆ.

"ಆಗಾಕಿಲ್ಲ" ಎಂದಳು ಅವಳು, ಕನ್ನಡದಲ್ಲೇ. ಆಮೇಲೆ ತೆಲುಗಿಗೆ ಬಂದಳು. "ಸಾರ್, ಇಷ್ಟು ವರ್ಷ ನಾನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದದ್ದು ಅದು. ಈಗ ಅದನ್ನು ಗೋಡೆಗೆ ಹಾಕುತ್ತೀರಾ?"

ಕೊಡದಿದ್ದರೆ ಕೆಲಸ ಪೂರ್ತಿಯಾಯಿತೆಂದು ಬರೆಯುವುದು ಕಷ್ಟ ಎಂದರು ಅವರು. ನಾವು ಅಧ್ಯಾಪಕಿಯ ಹತ್ತಿರ ಹೋದೆವು. ಅವರು ಆಗ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕೆಂಪು ಪೆನ್ನನ್ನು ಹಾಗೇ ಕೈಯಲ್ಲಿ ಹಿಡಿದು ನಮ್ಮೊಂದಿಗೆ ಕಚೇರಿಗೆ ಬಂದರು. ಜಗಳವಾಡಲಿಲ್ಲ. ಎದುರಿಗೆ ಕುಳಿತು, "ಸಾರ್, ನಿಮ್ಮ ಮನೆಯ ಹೆಣ್ಣುಮಕ್ಕಳು ಬಟ್ಟೆ ಹಾಕಿಕೊಳ್ಳುವ ಫೋಟೋ ಯಾರಾದರೂ ಕೇಳಿದರೆ ಏನೆನ್ನುತ್ತೀರಿ?" ಎಂದಷ್ಟೇ ಕೇಳಿದರು. ಅಧಿಕಾರಿ ತಮ್ಮ ಮುಂದಿದ್ದ ಫೈಲು ಮುಚ್ಚಿದರು. ನಂತರ, "ಹಾಗಾದರೆ ಏನು ಹಾಕೋಣ, ನೀವೇ ಹೇಳಿ" ಎಂದರು.

ನಾವು ಹಾಸ್ಟೆಲಿನ ಮಹಡಿಯ ಮೇಲೆ ಹಗ್ಗ ಕಟ್ಟಿ, ಅಮ್ಮ ಹೊಲಿದ ಬಟ್ಟೆಗಳನ್ನೆಲ್ಲ ಒಗೆದು ಒಣಹಾಕಿ, ಗಾಳಿಗೆ ಉಬ್ಬಿದಾಗ ಫೋಟೋ ತೆಗೆದೆವು. ಮನುಷ್ಯರಿಲ್ಲದ ಸಲ್ವಾರುಗಳು, ಅಂಗಡಿಯ ಯಜಮಾನರಿಂದ ಕೇಳಿ ತರಿಸಿದ ಒಂದು ಬಿಳಿ ಅಂಗಿ, ಅಮ್ಮ ಮಾದರಿಗೆಂದು ಹೊಲಿದ ಒಂದು ರವಿಕೆ. ಅದನ್ನೇ ಅವರು ಒಪ್ಪಿಕೊಂಡರು. ಸಭಾಂಗಣದ ಬಾಗಿಲಲ್ಲಿ ದೊಡ್ಡದಾಗಿ ಹಾಕಿಸಿದವರೂ ಅವರೇ.

ತೋರಿಸುವ ದಿನ ಅಪ್ಪ ಅಮ್ಮ ರಾಯದುರ್ಗದಿಂದ ಬಂದರು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಅವಳ ಹೊಲಿಗೆಗೆ ವಿಶ್ವವಿದ್ಯಾಲಯದಿಂದ ಕೂಲಿ ಬಂದಿತ್ತು. ಓಣಿಯಲ್ಲಿ ಅದನ್ನು ಹೇಳಿದರೆ ಯಾರೂ ನಂಬಿರಲಿಲ್ಲವಂತೆ. ಅಪ್ಪ ಒಂದು ಕಡೆ ಕೈಕಟ್ಟಿ ನಿಂತಿದ್ದರು. ಆಗ ನಮ್ಮ ಮೇಜಿಗೆ ಒಬ್ಬ ವಿದ್ಯಾರ್ಥಿ ಬಂದ. ಒಂದು ಕಾಲಿಗೆ ಕಬ್ಬಿಣದ ಪಟ್ಟಿಗಳ ಆಸರೆ ಕಟ್ಟಿಕೊಂಡಿದ್ದ, ಪಂಚೆ ಉಟ್ಟಿದ್ದ. ಬಟ್ಟೆಗಳನ್ನೆಲ್ಲ ಮುಟ್ಟಿ ನೋಡಿ, ತೆಲುಗಿನಲ್ಲಿ, "ಜೀನ್ಸ್ ಇಲ್ಲವಾ?" ಎಂದ.

ನಾನು ಇಲ್ಲ ಎನ್ನುವಷ್ಟರಲ್ಲಿ ಅಪ್ಪ ಹತ್ತಿರ ಬಂದರು.

"ಜೀನ್ಸ್ ಹಾಕ್ಕೊಂಡಿಲ್ಲೇನಪ್ಪ ಯಾವತ್ತೂ?" ಎಂದು ತಮ್ಮ ಕನ್ನಡ ಬೆರೆತ ತೆಲುಗಿನಲ್ಲಿ ಕೇಳಿದರು.

ಇಲ್ಲ ಎಂದ ಅವನು. ಈ ಆಸರೆಯ ಮೇಲೆ ಜೀನ್ಸಿನ ಕಾಲು ಹತ್ತುವುದಿಲ್ಲ, ಪ್ರತಿ ಸಲ ಆಸರೆ ಬಿಚ್ಚಿ ಕಟ್ಟಬೇಕು ಎಂದು ವಿವರಿಸಿದ. ಅಪ್ಪ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಅವನ ಅಪ್ಪಣೆ ಕೇಳಿ, ಪಂಚೆಯ ಅಂಚು ಸರಿಸಿ ನೋಡಿದರು. ಅಲ್ಲಿ ಇಲ್ಲಿ ಗೇಣು ಹಾಕಿದರು. "ಪಕ್ಕದ ಹೊಲಿಗಿ ಪೂರಾ ಬಿಚ್ಚಿ, ಕೆಳಗಿಂದ ತೊಡಿ ತನಕ ಜಿಪ್ಪು ಹಾಕಿದ್ರ ಆಗಲ್ಲೇನು?" ಎಂದು ಅಮ್ಮನ ಕಡೆ ತಿರುಗಿದರು.

"ಲೈನ್ ನಿಲ್ತದಲ್ರಿ" ಎಂದಳು ಅಮ್ಮ, ಸುಮ್ಮನೆ ಬಿಡದೆ.

"ನಿಲ್ಲಲಿ ಬಿಡು ಒಂದು ಮಧ್ಯಾಹ್ನ. ಎಲ್ಲಾರೂ ಒಂದ್ಸರ್ತಿ ಚಾ ಕುಡೀಲಿ" ಎಂದರು ಅಪ್ಪ.

ಆ ಜೀನ್ಸ್ ಹೊಲಿದ ಮಧ್ಯಾಹ್ನ ನಾನು ಅಲ್ಲಿರಲಿಲ್ಲ. ಕೆಲಸಗಾರರೆಲ್ಲ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರಂತೆ. ಆ ವಿದ್ಯಾರ್ಥಿ ಅದನ್ನು ತೊಟ್ಟು ಹಾಸ್ಟೆಲ್ ಗೇಟಿನ ಮುಂದೆ ನಿಂತು ತೆಗೆಸಿ ಕಳಿಸಿದ ಫೋಟೋ ಅಪ್ಪನ ಫೋನಿನಲ್ಲಿ ಈಗಲೂ ಇದೆ. ಬಂದ ನೆಂಟರಿಗೆಲ್ಲ ತೋರಿಸುತ್ತಾರೆ, ಅವನ ಒಪ್ಪಿಗೆ ಪಡೆದೇ.

ನಮ್ಮ ಓದು ಮುಗಿದು ಈಗ ಕೆಲವು ವರ್ಷಗಳಾದವು. ನಾನು ರಾಯದುರ್ಗಕ್ಕೆ ವಾಪಸು ಬಂದು, ಅಪ್ಪನ ಪಡಸಾಲೆಯ ಒಂದು ಪಕ್ಕದಲ್ಲಿ ಎರಡು ಯಂತ್ರ ಹಾಕಿಕೊಂಡಿದ್ದೇನೆ. ಅಮ್ಮ ಒಂದರಲ್ಲಿ, ನಾನು ಒಂದರಲ್ಲಿ. ಹಿಂದೂಪುರ, ಪಾವಗಡ, ಕಲ್ಯಾಣದುರ್ಗದ ಕಡೆಗಳಿಂದಲೂ ಜನ ಫೋನಿನಲ್ಲಿ ತಮ್ಮ ಮಾತನ್ನು ಧ್ವನಿಮುದ್ರಿಸಿ ಕಳಿಸುತ್ತಾರೆ: ನನ್ನ ಕೈ ಇಷ್ಟು ಎತ್ತರಕ್ಕೆ ಮಾತ್ರ ಏಳುತ್ತದೆ, ನಾನು ಗಾಲಿಕುರ್ಚಿಯಲ್ಲಿ ಕೂತೇ ಇರುವವಳು, ನನ್ನ ಅತ್ತೆಗೆ ಬೆರಳು ಮಡಚುವುದಿಲ್ಲ. ದೊಡ್ಡ ವ್ಯಾಪಾರವಲ್ಲ. ಬಳ್ಳಾರಿಯ ಕೆಲಸವೇ ಈಗಲೂ ಮನೆ ನಡೆಸುವುದು. ಆದರೆ ಬೆಳಿಗ್ಗೆ ಎದ್ದು ನಾನು ಮೊದಲು ಹೋಗಿ ಕೂರುವುದು ಆ ಯಂತ್ರದ ಮುಂದೆ.

ಆ ಅನುದಾನವನ್ನು ಯಾವ ಸಭೆಯಲ್ಲಿ ಯಾರು ಒಪ್ಪಿದರೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ಸಲ್ವಾರಿನ ವಿಷಯ ಓದಿ, ಇದೂ ವಿಶ್ವವಿದ್ಯಾಲಯದ ಕೆಲಸವೇ ಎಂದು ತಲೆಯಾಡಿಸಿದವರು ಯಾರೋ ಇದ್ದರಲ್ಲ. ಅವರು ನಕ್ಕು ಬದಿಗಿಟ್ಟಿದ್ದರೆ ನಾವು ಎರಡು ವರ್ಷವೂ ಬೆಳಿಗ್ಗೆ ಬೆಳಿಗ್ಗೆ ಲಾಡಿ ಕಟ್ಟಿ ಬಿಚ್ಚಿ ಓದು ಮುಗಿಸಿ ಬೇರೆಯಾಗುತ್ತಿದ್ದೆವು, ಅಷ್ಟೇ. ಅವರನ್ನು ಕಂಡರೆ ಒಂದು ಜೊತೆ ಬಟ್ಟೆ ಹೊಲಿದು ಕೊಡಬೇಕೆಂದು ನನಗೆ ಆಗಾಗ ಅನಿಸುತ್ತದೆ. ಅಧ್ಯಾಪಕಿಗೆ ಮಾತ್ರ ಹೊಲಿದು ಕೊಟ್ಟಿದ್ದೇನೆ. ಭುಜ ನೋವು ಅವರಿಗೆ, ಮುಂದೆ ಕೊಕ್ಕೆಯಿರುವ ರವಿಕೆಗಳು.

ಗೆಳತಿ ಈಗ ಮಡಕಶಿರದ ಹತ್ತಿರದ ಗುಡಿಬಂಡೆ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುತ್ತಾಳೆ. ರೊಳ್ಳದಿಂದ ಬಸ್ಸು, ಅಲ್ಲಿಂದ ಆಟೋ. ಹೋದ ತಿಂಗಳು ಅವಳಿಗೆ ಹೊಸ ಸಲ್ವಾರ್ ಹೊಲಿದು ಕೊಂಡೊಯ್ದಿದ್ದೆ. ಅವಳ ಅಮ್ಮ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಜಗಲಿಯಲ್ಲಿ ಕೂತಿದ್ದರು. ಗೆಳತಿ ಒಳಗೆ ಹೋಗಿ ಹಾಕಿಕೊಂಡು ಬಂದು, ಒಂದು ಸುತ್ತು ತಿರುಗಿ ನೋಡಿ, ಮುಖ ಸಿಂಡರಿಸಿದಳು.

"ಏನಾತು?" ಎಂದೆ, ಗಾಬರಿಯಾಗಿ.

"ಜೇಬೆಲ್ಲಿ? ಸೀಮೆಸುಣ್ಣ ಎಲ್ಲಿಕ್ಕಲಿ, ಫೋನ್ ಎಲ್ಲಿಕ್ಕಲಿ? ಎರಡ್ ಕೈ ಇರೋರ್ಗೆಲ್ಲ ಎರಡೆರಡು ಜೇಬು ಹೊಲೀತೀರ, ನನಗೆ ಒಂದೂ ಇಲ್ಲ."

ರಾಯದುರ್ಗಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಸಲ್ವಾರಿಗೆ ಜೇಬು ಯಾಕಂತ ಆಕಿಗೆ?" ಎಂದು ಅಮ್ಮ ರೇಗಿದಳು. ಫೋನ್ ಗೆಳತಿಯ ಕೈಗೆ ಹೋಯಿತು. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ನಾನು ಅವಳ ಅಮ್ಮನ ಪಕ್ಕದಲ್ಲಿ ಕುಳಿತು ಸೊಪ್ಪು ಕತ್ತರಿಸಲು ಕೈಹಾಕಿದೆ. ಕೊನೆಗೆ ಅಮ್ಮ ಸೋತಳೆಂದು ಕಾಣುತ್ತದೆ. ಗೆಳತಿ ಫೋನ್ ವಾಪಸು ಕೊಡುತ್ತ, ಎಡಗಡೆಗೆ ಆಳವಾದದ್ದೊಂದು ಜೇಬು, ಭಾನುವಾರದೊಳಗೆ ಬರಬೇಕು ಎಂದಳು.